ಎಂಜಿನ್ ಆಯಿಲಿನ ಆಯುಸ್ಸು: ಕಿಲೋಮೀಟರಿನಲ್ಲೋ, ಗಂಟೆಯಲ್ಲೋ?

ನಮ್ಮ ಕುಟುಂಬಗಳಲ್ಲಿ ಕಾರು ಇಂದು ಭೋಗದ ವಸ್ತುವಾಗಿ ಉಳಿದಿಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಬಡಾವಣೆಗಳಲ್ಲಿ ವರ್ಷಗಟ್ಟಲೆ ಕಂತು ಕಟ್ಟಿ ಕೊಂಡ ಒಂದೊಂದು ಕಾರಿನ ಹಿಂದೆ ಒಂದೊಂದು ಮನೆಯ ದುಡಿಮೆಯಿದೆ. ಊರಿನ ಜಾತ್ರೆಗೆ, ಬೀಗರ ಮನೆಯ ಮದುವೆಗೆ, ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ ಅದೇ ಆಧಾರ. ಇಷ್ಟು ಅಕ್ಕರೆಯಿಂದ ಕೊಂಡ ವಾಹನದ ಎಂಜಿನ್ ಆಯಿಲನ್ನು ಎಷ್ಟಕ್ಕೊಮ್ಮೆ ಬದಲಿಸಬೇಕೆಂದು ಕೇಳಿದರೆ ಮಾತ್ರ ಒಂದೇ ಮನೆಯಲ್ಲಿ ಎರಡು ಉತ್ತರಗಳು ಬರುತ್ತವೆ. "ಐದು ಸಾವಿರ ಕಿಲೋಮೀಟರ್ ದಾಟಿಸಬೇಡಪ್ಪ" ಎಂದು ತಂದೆಯವರು ಹೇಳುತ್ತಾರೆ. "ಪುಸ್ತಕದಲ್ಲಿ ಹತ್ತು ಸಾವಿರ ಎಂದಿದೆ ಅಪ್ಪಾಜಿ, ನಮ್ಮ ಗಾಡಿ ವರ್ಷಕ್ಕೆ ನಾಲ್ಕು ಸಾವಿರವೂ ಓಡುವುದಿಲ್ಲ, ಇನ್ನೂ ಒಂದೂವರೆ ವರ್ಷ ಚಿಂತೆಯಿಲ್ಲ" ಎಂದು ಮಗ ಹೇಳುತ್ತಾನೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಎಲ್ಲಿದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಯಂತ್ರಕ್ಕೆ ಎಣ್ಣೆ ಬೇಕೆಂಬುದು ನಮ್ಮ ಜನರಿಗೆ ಹೊಸ ವಿಷಯವಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆ ಹಚ್ಚದೆ ದೂರದ ಪಯಣಕ್ಕೆ ಯಾರೂ ಹೊರಡುತ್ತಿರಲಿಲ್ಲ. ಹರಳೆಣ್ಣೆಗೆ ಆ ಕೆಲಸದಲ್ಲಿ ವಿಶೇಷ ಸ್ಥಾನವಿತ್ತು. ಇಂದು ಎಲ್ಲ ಗ್ಯಾರೇಜುಗಳಲ್ಲಿ ಕಾಣುವ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಹುಟ್ಟಿರುವುದು ಕೂಡ ಹರಳೆಣ್ಣೆಗೆ ಇಂಗ್ಲಿಷಿನಲ್ಲಿರುವ ‘ಕ್ಯಾಸ್ಟರ್ ಆಯಿಲ್’ ಎಂಬ ಪದದಿಂದಲೇ ಎಂಬುದನ್ನು ಅನೇಕರು ಅರಿಯರು. ಆದರೆ ಗಾಡಿಯ ಅಚ್ಚಿನ ಎಣ್ಣೆಗೆ ಇದ್ದದ್ದು ಉಜ್ಜಾಟವನ್ನು ತಗ್ಗಿಸುವ ಕೆಲಸವೊಂದೇ. ಕಾರಿನ ಎಂಜಿನ್ ಆಯಿಲು ಅದರ ಜೊತೆಗೆ ಬಿಸಿಯನ್ನು ಹೊತ್ತೊಯ್ಯಬೇಕು, ಉರಿದ ಇಂಧನದ ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತನ್ನಲ್ಲೇ ತೇಲಿಸಿಕೊಂಡಿರಬೇಕು, ದಹನದಿಂದ ಹುಟ್ಟುವ ಆಮ್ಲಗಳನ್ನು ತಣಿಸಬೇಕು, ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯಬೇಕು. ಇದಕ್ಕಾಗಿ ಕಾರ್ಖಾನೆಯಲ್ಲೇ ಅದಕ್ಕೆ ಹಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಆಯಿಲ್ ‘ಹಳತಾಯಿತು’ ಎಂದರೆ ಈ ಬೆರಕೆಗಳು ತಮ್ಮ ಶಕ್ತಿಯನ್ನು ವ್ಯಯಿಸಿಬಿಟ್ಟವು ಎಂದರ್ಥ. ಜಿಡ್ಡು ಉಳಿದಿರುತ್ತದೆ, ಕಾಯುವ ಗುಣ ಹೋಗಿರುತ್ತದೆ.

ಹಿರಿಯರ ಐದು ಸಾವಿರದ ಲೆಕ್ಕವು ಅನುಭವದಿಂದ ಬಂದದ್ದೇ ಹೊರತು ಮೂಢನಂಬಿಕೆಯಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಾಗೂ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಗಾಡಿಗಳ ಕಾಲದಲ್ಲಿ ಕಾರ್ಬುರೇಟರ್ ಇರುತ್ತಿತ್ತು. ಬೆಳಗ್ಗೆ ಚೋಕ್ ಎಳೆದು ಗಾಡಿ ಹಚ್ಚಿದಾಗ ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯಗುಂಟ ಇಳಿದು ಕೆಳಗಿನ ಆಯಿಲಿಗೆ ಸೇರುತ್ತಿತ್ತು. ಇಂಧನದಲ್ಲಿ ಗಂಧಕವೂ ಹೇರಳವಾಗಿತ್ತು. ಗಂಧಕ ಉರಿದು ನೀರಿನೊಡನೆ ಕೂಡಿದರೆ ಆಮ್ಲವಾಗುವುದು ಶಾಲೆಯ ಪಾಠ. 2000ದ ಸುಮಾರಿಗೆ ಹೊಸ ಕಾರುಗಳಿಂದ ಕಾರ್ಬುರೇಟರ್ ಮರೆಯಾಯಿತು. 2010ರ ಏಪ್ರಿಲಿನಲ್ಲಿ ಬಿ.ಎಸ್. 4 ದರ್ಜೆಯ ಇಂಧನ ಬೆಂಗಳೂರಿಗೆ ಬಂದಾಗ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗವಾಯಿತು. 2020ರ ಏಪ್ರಿಲಿನಿಂದ ಬಿ.ಎಸ್. 6 ಇಂಧನದಲ್ಲಿ ಅದು 10 ಭಾಗಕ್ಕೆ ಇಳಿಯಿತು. ಆಯಿಲಿನ ಗುಣಮಟ್ಟವೂ ಏರಿತು, ಸಿಂಥೆಟಿಕ್ ಆಯಿಲು ಸಾಮಾನ್ಯವಾಯಿತು. ಆದ್ದರಿಂದ ಕಾರು ಕಂಪನಿಗಳು ಇಂದು ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಅದು, ಎಂದು ಹೇಳುವುದರಲ್ಲಿ ಮೋಸವೇನೂ ಇಲ್ಲ.

ಇಲ್ಲಿ ‘ಯಾವುದು ಮೊದಲೋ ಅದು’ ಎಂಬ ಮಾತನ್ನು ವಾಚಕರು ಗಮನವಿಟ್ಟು ಓದಬೇಕು. ಮಗನು ಬಿಟ್ಟು ಓದಿದ್ದು ಇದನ್ನೇ. ನಾಲ್ಕು ಸಾವಿರ ಕಿಲೋಮೀಟರ್ ಓಡಿದ ಗಾಡಿಗೂ ವರ್ಷ ತುಂಬಿದಾಗ ಆಯಿಲ್ ಬದಲಿಸಲೇಬೇಕು. ಎರಡೂವರೆ ವರ್ಷ ಅದೇ ಆಯಿಲಿನಲ್ಲಿ ಓಡಿಸುವುದು ಮಿತವ್ಯಯವಲ್ಲ.

ಕೈಪಿಡಿಯಲ್ಲಿ ಇನ್ನೂ ಒಂದು ಸಂಗತಿ ಅಡಗಿದೆ. ಸೇವೆಯ ಕೋಷ್ಟಕ ಮುಗಿದ ಮೇಲೆ ಹೆಚ್ಚಿನ ಪುಸ್ತಕಗಳಲ್ಲಿ ಸಣ್ಣ ಅಕ್ಷರದಲ್ಲಿ ಎರಡನೆಯ ಕೋಷ್ಟಕವೊಂದು ಇರುತ್ತದೆ. ಅದರ ತಲೆಬರಹ ‘ಕಠಿಣ ಪರಿಸ್ಥಿತಿಯ ಚಾಲನೆ’ ಎಂಬ ಅರ್ಥದ್ದು. ಕಠಿಣ ಎಂದೊಡನೆ ನಾವು ಹಿಮಾಲಯದ ಘಟ್ಟವನ್ನೋ ರಾಜಸ್ಥಾನದ ಮರಳುಗಾಡನ್ನೋ ನೆನೆಯುತ್ತೇವೆ. ಅಲ್ಲಿ ಬರೆದಿರುವುದೇ ಬೇರೆ. ಪದೇಪದೇ ಅಲ್ಪ ದೂರದ ಓಡಾಟ, ಗಾಡಿ ನಿಂತಿದ್ದಾಗ ಎಂಜಿನ್ ಬಹಳ ಹೊತ್ತು ಉರಿಯುವುದು, ನಿಂತು ನಿಂತು ಸಾಗುವ ಸಂಚಾರ, ಧೂಳಿನ ರಸ್ತೆ. ಇದು ನಾಯಂಡಹಳ್ಳಿಯ ಸಂಜೆಯ ವರ್ಣನೆಯಲ್ಲವೆ? ಸುಮನಹಳ್ಳಿ, ನವರಂಗ್ ವೃತ್ತ, ಮಾಗಡಿ ರಸ್ತೆ, ಕಾರ್ಡ್ ರಸ್ತೆಗಳಲ್ಲಿ ದಿನವೂ ಗಾಡಿ ನಡೆಸುವವರಿಗೆ ಬೇರೆ ವಿವರಣೆ ಬೇಡ. ಇಂಥ ಚಾಲನೆಗೆ ಅನೇಕ ಕೈಪಿಡಿಗಳು ಆಯಿಲ್ ಮತ್ತು ಫಿಲ್ಟರಿನ ಅವಧಿಯನ್ನು ಅರ್ಧಕ್ಕೆ, ಅಂದರೆ 5,000 ಕಿ.ಮೀ. ಅಥವಾ ಆರು ತಿಂಗಳಿಗೆ, ಇಳಿಸುತ್ತವೆ. ಹಿರಿಯರು ಹಳೆಯ ಕಾರಣಕ್ಕಾಗಿ ಹೇಳಿದ ಸಂಖ್ಯೆ ಹೊಸ ಕಾರಣಕ್ಕಾಗಿ ಹೀಗೆ ಪುನಃ ಸರಿಯಾಗಿ ಕುಳಿತಿದೆ.

ಏಕೆ ಅರ್ಧ ಎಂಬುದನ್ನು ಗಣಿತದಿಂದಲೇ ನೋಡೋಣ. ಹಳ್ಳಿಯಲ್ಲಿ ಜಮೀನು ಇಟ್ಟುಕೊಂಡಿರುವ ನಮ್ಮ ಕುಟುಂಬಗಳಿಗೆ ಟ್ರ್ಯಾಕ್ಟರು ಗೊತ್ತು. ಅದರ ಆಯಿಲನ್ನು ಬದಲಿಸುವುದು ಗಂಟೆಯ ಮೀಟರು ನೋಡಿ. ಬಹುಕಾಲದಿಂದ ರೂಢಿಯಲ್ಲಿರುವ ಅಳತೆ 250 ಗಂಟೆ. ಹೊಲದಲ್ಲಿ ನಿಧಾನವಾಗಿ ಉಳುವ ಯಂತ್ರಕ್ಕೆ ದೂರದ ಲೆಕ್ಕ ನಿಷ್ಪ್ರಯೋಜಕವೆಂದು ಅದನ್ನು ಮಾಡಿದವರಿಗೆ ತಿಳಿದಿತ್ತು. ಬೆಂಗಳೂರಿನ ಕಾರು ಹೊಲದ ಟ್ರ್ಯಾಕ್ಟರಿನಂತೆಯೇ ಆಗಿಹೋಗಿದೆ. ಸಂಚಾರವನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ಬೆಂಗಳೂರಿನ ನಗರಮಧ್ಯದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಈ ವೇಗದಲ್ಲಿ 10,000 ಕಿ.ಮೀ. ಮುಗಿಸಲು ಎಂಜಿನ್ ಸುಮಾರು 486 ಗಂಟೆ ಓಡಬೇಕು. ಅದೇ ದೂರವನ್ನು ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ ಕ್ರಮಿಸಿದರೆ 167 ಗಂಟೆ ಸಾಕು. ಮೀಟರಿನಲ್ಲಿ ಕಾಣುವ ಅಂಕಿ ಒಂದೇ, ಎಂಜಿನ್ ದುಡಿದ ಹೊತ್ತು ಮೂರು ಪಟ್ಟು.

ನಿಂತಲ್ಲಿ ಉರಿಯುವ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಹೆದ್ದಾರಿಯಲ್ಲಿ ವೇಗವಾಗಿ ತಿರುಗುತ್ತದೆ, ಆದ್ದರಿಂದ ಗಂಟೆಗೆ ಗಂಟೆ ಸಮವಲ್ಲ ಎಂದು ಯಂತ್ರ ಬಲ್ಲವರು ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪ. ಹಾಗಾದರೆ ಸುತ್ತುಗಳನ್ನೇ ಎಣಿಸೋಣ. ನಗರದಲ್ಲಿ ನಿಮಿಷಕ್ಕೆ ಸರಾಸರಿ 1,400 ಸುತ್ತು, ಹೆದ್ದಾರಿಯಲ್ಲಿ 2,200 ಸುತ್ತು ಎಂದು ಅಂದಾಜಿಗೆ ಹಿಡಿದರೆ, ಹತ್ತು ಸಾವಿರ ಕಿಲೋಮೀಟರಿಗೆ ನಗರದ ಎಂಜಿನ್ ನಾಲ್ಕು ಕೋಟಿಗೂ ಮೀರಿ ಸುತ್ತುತ್ತದೆ, ಹೆದ್ದಾರಿಯದು ಎರಡು ಕೋಟಿ ಇಪ್ಪತ್ತು ಲಕ್ಷದಷ್ಟು. ಸರಿಸುಮಾರು ಎರಡು ಪಟ್ಟು. ಕೈಪಿಡಿಯು ಅರ್ಧಕ್ಕೆ ಇಳಿಸಿರೆಂದು ಹೇಳುವುದಕ್ಕೂ ಈ ಲೆಕ್ಕಕ್ಕೂ ಸರಿಯಾಗಿ ಹೊಂದುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1980ರ ದಶಕದ ಕೊನೆಯಲ್ಲೇ ಎಂಜಿನ್ನಿನ ಸುತ್ತುಗಳನ್ನೂ ಉಷ್ಣತೆಯನ್ನೂ ಲೆಕ್ಕವಿಟ್ಟು ಆಯಿಲ್ ಬದಲಿಸುವ ಸಮಯವನ್ನು ಚಾಲಕನಿಗೆ ತಿಳಿಸುವ ವ್ಯವಸ್ಥೆಯನ್ನು ತನ್ನ ಕಾರುಗಳಲ್ಲಿ ಅಳವಡಿಸಿತು. ದೂರವೊಂದೇ ಅಳತೆಯಲ್ಲ ಎಂಬುದು ಕಂಪನಿಗಳಿಗೂ ತಿಳಿದ ವಿಷಯವೇ.

ಕೆಂಗೇರಿ ಉಪನಗರದಲ್ಲಿ ಮನೆ, ರಾಜಾಜಿನಗರದಲ್ಲಿ ಕೆಲಸ ಇರುವ ಒಬ್ಬರನ್ನು ಊಹಿಸಿಕೊಳ್ಳಿ. ಮೈಸೂರು ರಸ್ತೆ, ನಾಯಂಡಹಳ್ಳಿ, ವಿಜಯನಗರ, ಕಾರ್ಡ್ ರಸ್ತೆಯ ಮಾರ್ಗವಾಗಿ ಹೋಗಿ ಬರುವುದೆಲ್ಲ ಸೇರಿ ದಿನಕ್ಕೆ ಸುಮಾರು 30 ಕಿ.ಮೀ., ಒಂದೂವರೆ ಗಂಟೆ. ವರ್ಷಕ್ಕೆ 280 ದಿನ ಓಡಿಸಿದರೆ 8,400 ಕಿ.ಮೀ., 420 ಗಂಟೆ. ಮೀಟರು ಹತ್ತು ಸಾವಿರ ಮುಟ್ಟಲಿಲ್ಲವೆಂದು ಇವರು ವರ್ಷಾಂತ್ಯದವರೆಗೆ ಕಾಯುವುದು ಸರಿಯಲ್ಲ. ನಮ್ಮ ಅಭಿಪ್ರಾಯದಲ್ಲಿ ವರ್ಷಕ್ಕೆ ಎರಡು ಬಾರಿ ಬದಲಿಸಬೇಕು. ಸಣ್ಣ ಕಾರೊಂದಕ್ಕೆ ಮೂರರಿಂದ ಮೂರೂವರೆ ಲೀಟರ್ ಆಯಿಲು, ಒಂದು ಫಿಲ್ಟರು, ಕೂಲಿ ಎಲ್ಲ ಸೇರಿ ಎರಡು-ಮೂರು ಸಾವಿರ ರೂಪಾಯಿಗಳ ಮಾತು. ಆಯಿಲು ಗಸಿಗಟ್ಟಿ, ಕಿರುದಾರಿಗಳು ಕಟ್ಟಿ, ಬೇರಿಂಗು ಸವೆದು ‘ಎಂಜಿನ್ ಕೆಲಸಕ್ಕೆ ಬಂತು’ ಎಂದು ಮೆಕ್ಯಾನಿಕ್ ಹೇಳುವ ದಿನ ಬಂದರೆ ಖರ್ಚು ಲಕ್ಷದ ಹತ್ತಿರ ಸುಳಿಯುತ್ತದೆ. ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟ ಹಣ ಗ್ಯಾರೇಜಿಗೆ ಹೋದ ಮನೆಗಳನ್ನು ನಾವು ಕಂಡಿದ್ದೇವೆ.

ಇನ್ನು ಬಸವೇಶ್ವರನಗರದ ನಿವೃತ್ತ ದಂಪತಿಗಳ ಕಾರು. ತರಕಾರಿಗೆ, ವೈದ್ಯರಲ್ಲಿಗೆ, ಮೊಮ್ಮಗುವಿನ ಶಾಲೆಗೆ, ಎಲ್ಲವೂ ಎರಡು-ಮೂರು ಕಿಲೋಮೀಟರಿನೊಳಗೆ. ವರ್ಷಕ್ಕೆ ಎರಡು ಸಾವಿರ ಕಿ.ಮೀ. ಓಡಿದರೆ ಹೆಚ್ಚು. ‘ನಮ್ಮ ಗಾಡಿ ಹೊಸದರಂತಿದೆ’ ಎಂದು ಇವರು ಸಮಾಧಾನದಿಂದಿರುತ್ತಾರೆ. ವಾಸ್ತವದಲ್ಲಿ ಇದು ಎಂಜಿನ್ನಿಗೆ ಅತ್ಯಂತ ಕಷ್ಟದ ಬಾಳು. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಅದರ ಬಹುಭಾಗ ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ಬೆಳಗಿನ ಚಳಿಯಲ್ಲಿ ಸೈಲೆನ್ಸರಿನಿಂದ ತೊಟ್ಟಿಕ್ಕುವ ನೀರು ಅದೇ. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿನಿಂದ ಇಳಿದು ಆಯಿಲಿಗೆ ಸೇರುತ್ತದೆ. ಗಾಡಿ ಅರ್ಧ ಗಂಟೆ ಚೆನ್ನಾಗಿ ಓಡಿ ಆಯಿಲು ಕಾದರೆ ಈ ನೀರೂ, ಬೆರೆತ ಪೆಟ್ರೋಲೂ ಆರಿಹೋಗುತ್ತವೆ. ಉಷ್ಣತೆಯ ಮುಳ್ಳು ಮಧ್ಯಕ್ಕೆ ಬಂದಿತೆಂದರೆ ಕಾದದ್ದು ರೇಡಿಯೇಟರಿನ ನೀರು. ಆಯಿಲು ಕಾಯುವುದು ಅದಕ್ಕಿಂತ ತಡವಾಗಿ. ಮೂರು ಕಿಲೋಮೀಟರಿಗೆ ಗಾಡಿ ನಿಲ್ಲಿಸುವವರ ಎಂಜಿನ್ನಿನಲ್ಲಿ ನೀರು ಆರುವುದೇ ಇಲ್ಲ, ದಿನದಿನಕ್ಕೆ ಸೇರುತ್ತ ಹೋಗುತ್ತದೆ. ಆಯಿಲ್ ತುಂಬುವ ಮುಚ್ಚಳವನ್ನು ತೆರೆದಾಗ ಒಳಬದಿಯಲ್ಲಿ ಮಜ್ಜಿಗೆಯ ನೊರೆಯಂಥ ತಿಳಿಹಳದಿ ಲೇಪ ಕಂಡರೆ ಅದು ಇದರ ಗುರುತು. ಲೇಪ ಮುಚ್ಚಳದಲ್ಲಿ ಮಾತ್ರವಲ್ಲದೆ ಅಳತೆಕಡ್ಡಿಯ ಆಯಿಲೂ ಹಾಲುಬೆರೆತಂತಿದ್ದರೆ ರೇಡಿಯೇಟರಿನ ನೀರು ಒಳಗೆ ಸೋರುತ್ತಿರಬಹುದು. ಆಗ ಗಾಡಿ ಹಚ್ಚದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಬೇಕು.

ಇಂಥವರು ಕಿಲೋಮೀಟರನ್ನು ಮರೆತು ಪಂಚಾಂಗವನ್ನು ನೋಡಬೇಕು. ವರ್ಷಕ್ಕೊಮ್ಮೆ ಖಂಡಿತ, ಓಡಾಟವೆಲ್ಲ ಗಲ್ಲಿಯೊಳಗೇ ಆದರೆ ಆರು ತಿಂಗಳಿಗೊಮ್ಮೆ. ಜೊತೆಗೆ ತಿಂಗಳಿಗೊಂದು ಭಾನುವಾರ ಬೆಳಗ್ಗೆ ಮಾಗಡಿ ರಸ್ತೆ ಹಿಡಿದು ತಾವರೆಕೆರೆಯ ಆಚೆಗೆ ಹೋಗಿಬಂದರೆ ಗಾಡಿಗೂ ಹಿತ, ದಂಪತಿಗಳಿಗೂ ಹಿತ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಹಚ್ಚಿಟ್ಟು ‘ಬಿಸಿ ಮಾಡಿದೆ’ ಎನ್ನುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅದರಿಂದ ಆಯಿಲು ಪೂರ್ತಿ ಕಾಯುವುದಿಲ್ಲ, ನೀರು ಮಾತ್ರ ಇನ್ನಷ್ಟು ಸೇರುತ್ತದೆ.

2021ರ ಆಗಸ್ಟಿನಲ್ಲಿ ಮೆಟ್ರೋ ಕೆಂಗೇರಿಯವರೆಗೆ ಬಂದ ಮೇಲೆ ವಾರವೆಲ್ಲ ರೈಲಿನಲ್ಲಿ ಹೋಗಿ ಕಾರನ್ನು ದೂರದ ಊರಿಗೆ ಮಾತ್ರ ತೆಗೆಯುವ ಮನೆಗಳೂ ಹೆಚ್ಚಿವೆ. ತಿಂಗಳಿಗೊಮ್ಮೆ ದಾವಣಗೆರೆಗೆ ಹೋಗಿಬರುವ ಕಾರಿಗೆ ಪುಸ್ತಕದ ಹತ್ತು ಸಾವಿರ ಅಥವಾ ಒಂದು ವರ್ಷ ಯಥೇಷ್ಟ. ಅದಕ್ಕೂ ಐದು ಸಾವಿರಕ್ಕೇ ಬದಲಿಸಿರೆಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಕಾಗಿಲ್ಲ.

ನಿಮ್ಮ ಕಾರು ಯಾವ ಗುಂಪಿಗೆ ಸೇರಿದ್ದೆಂದು ತಿಳಿಯುವುದು ಕಷ್ಟವಲ್ಲ. ಈಚಿನ ಕಾರುಗಳ ಫಲಕದಲ್ಲಿ ಸರಾಸರಿ ವೇಗವನ್ನು ತೋರಿಸುವ ಅಂಕಿಯಿರುತ್ತದೆ. ಅದನ್ನು ಸೊನ್ನೆಗೆ ತಂದು ಒಂದು ತಿಂಗಳು ಓಡಿಸಿ ನೋಡಿ. ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದರೆ ಪುಸ್ತಕದ ಅವಧಿಯನ್ನು ಅರ್ಧ ಮಾಡಿ. 40ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಅವಧಿ ಇರಲಿ. ನಡುವೆ ಇದ್ದರೆ ಏಳು-ಎಂಟು ಸಾವಿರಕ್ಕೆ ಬದಲಿಸಿ. ಈ ಗೆರೆಗಳು ನಾವು ಎಳೆದವು, ಯಾವ ಕಂಪನಿಯವೂ ಅಲ್ಲ. ಆದರೆ ಹದಿನೈದು ಸಾವಿರ ಎಂದು ಬರೆದಿರುವ ಕೆಲವು ಕಾರುಗಳಿಗೂ ಇದೇ ಅನುಪಾತವನ್ನು ಅನ್ವಯಿಸಬಹುದು. ಫಲಕದಲ್ಲಿ ಆ ಅಂಕಿಯಿಲ್ಲದಿದ್ದರೆ ಒಂದು ವಾರ ಹೊರಟ ಹೊತ್ತು, ತಲುಪಿದ ಹೊತ್ತನ್ನು ಚೀಟಿಯಲ್ಲಿ ಬರೆದರಾಯಿತು.

ಆಯಿಲಿನ ಬಣ್ಣ ನೋಡಿ ನಿರ್ಣಯಿಸುವವರು ಬಹಳ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲು ಕೆಲವೇ ದಿನಗಳಲ್ಲಿ ಕಾಡಿಗೆಯಂತಾಗುತ್ತದೆ. ಅದು ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿರುವ ಲಕ್ಷಣ, ಕೆಟ್ಟಿತೆಂದಲ್ಲ. ಬಣ್ಣಕ್ಕಿಂತ ಮಟ್ಟ ಮುಖ್ಯ. ಹದಿನೈದು ದಿನಕ್ಕೊಮ್ಮೆ, ಸಮನಾದ ನೆಲದಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷದ ನಂತರ ಅಳತೆಕಡ್ಡಿಯನ್ನು ಒರೆಸಿ ನೋಡಿರಿ. ಮಟ್ಟ ಕೆಳಗೆರೆಗೆ ಇಳಿದಿದ್ದರೆ ತುಂಬಿಸಿರಿ. ಇಳಿಯುವ ಬದಲು ಏರಿದ್ದರೆ ಇಂಧನ ಬೆರೆಯುತ್ತಿದೆ ಎಂದರ್ಥ. ಕಡ್ಡಿಯನ್ನು ಮೂಸಿದರೆ ವಾಸನೆ ತಿಳಿಯುತ್ತದೆ. 2020ರ ನಂತರದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಜಾಲರಿಯೊಂದಿದೆ. ಆ ಮಸಿಯನ್ನು ಸುಡಲು ಎಂಜಿನ್ ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ. ನಗರದಲ್ಲಿ ಅಲ್ಪ ದೂರ ಓಡಿಸಿ ಆ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದರೆ ಡೀಸೆಲ್ ಆಯಿಲಿಗೆ ಇಳಿದು ಮಟ್ಟ ಏರುತ್ತದೆ. ನಗರದೊಳಗೇ ಓಡಾಡುವವರಿಗೆ ಡೀಸೆಲ್ ಕಾರು ತಕ್ಕುದಲ್ಲವೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ. ಫಲಕದಲ್ಲಿ ಆಯಿಲಿನ ಕೆಂಪು ದೀಪ ಹತ್ತಿದರಂತೂ ಅದು ಸೂಚನೆಯಲ್ಲ, ಆಪತ್ತು. ಗಾಡಿಯನ್ನು ಪಕ್ಕಕ್ಕೆ ತಂದು ತಕ್ಷಣವೇ ಎಂಜಿನ್ ಆರಿಸಬೇಕು. ‘ಮನೆ ಹತ್ತಿರವೇ ಇದೆ’ ಎಂದು ಓಡಿಸಿದ ಎರಡು ಕಿಲೋಮೀಟರಿನಲ್ಲಿ ಎಂಜಿನ್ ಹೋಗಬಹುದು.

ಫಿಲ್ಟರಿನ ವಿಷಯದಲ್ಲಿ ದೀರ್ಘ ಚರ್ಚೆ ಅನಾವಶ್ಯಕ. ಮಡಿಕೆಮಡಿಕೆಯಾದ ಕಾಗದದಂಥ ಸೋಸುಬಟ್ಟೆ ಅದರೊಳಗಿರುತ್ತದೆ. ಅದು ಕಸದಿಂದ ಕಟ್ಟಿಕೊಂಡರೆ ಎಂಜಿನ್ ಆಯಿಲಿಲ್ಲದೆ ಸಾಯಬಾರದೆಂದು ಒಂದು ಚಿಕ್ಕ ಕವಾಟ ತೆರೆದುಕೊಂಡು ಸೋಸದ ಆಯಿಲನ್ನೇ ಒಳಗೆ ಬಿಡುತ್ತದೆ. ಆಗ ಹೊರಗಿನಿಂದ ಏನೂ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಸಲ ಆಯಿಲಿನೊಡನೆ ಫಿಲ್ಟರೂ ಬದಲಾಗಬೇಕು. ಹಳೆಯ ಫಿಲ್ಟರು ಉಳಿಸಿ ಹೊಸ ಆಯಿಲು ಹಾಕುವುದು ಸ್ನಾನ ಮಾಡಿ ಮಾಸಿದ ಬಟ್ಟೆಯನ್ನೇ ಉಟ್ಟಂತೆ. ಕೆಳಗಿನ ಬೋಲ್ಟಿನ ವಾಷರನ್ನೂ ಹೊಸದಾಗಿಸಲು ಹೇಳಿರಿ. ಆಯಿಲಿನ ದರ್ಜೆ ಕೈಪಿಡಿಯಲ್ಲಿ ಬರೆದಿರುವುದೇ ಆಗಿರಲಿ. ಈಚಿನ ಕಾರುಗಳಿಗೆ 0ಡಬ್ಲ್ಯು-20ರಂಥ ತೆಳು ಆಯಿಲನ್ನು ಹೇಳಿರುತ್ತಾರೆ, ‘ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಒಳ್ಳೆಯದು’ ಎಂಬ ಹಳೆಯ ಮಾತಿಗೆ ಅಲ್ಲಿ ಸ್ಥಾನವಿಲ್ಲ. ‘ಎಂಜಿನ್ ಫ್ಲಷ್’, ಬೇರೆ ಬಾಟಲಿಯ ಬೆರಕೆಗಳು ಬಿಲ್ಲಿನಲ್ಲಿ ಸೇರಿದ್ದರೆ, ಕೈಪಿಡಿಯಲ್ಲಿ ಅವು ಎಲ್ಲಿವೆ ಎಂದು ವಿನಯದಿಂದ ಕೇಳಿರಿ. ಸಾಮಾನ್ಯವಾಗಿ ಆ ಸಾಲುಗಳು ಬಿಲ್ಲಿನಿಂದ ಮಾಯವಾಗುತ್ತವೆ. ವಾರಂಟಿಯ ಅವಧಿಯಲ್ಲಿ ಪ್ರತಿ ಬದಲಾವಣೆಯ ಬಿಲ್ಲನ್ನು ದಿನಾಂಕ, ಕಿಲೋಮೀಟರಿನೊಡನೆ ಜೋಪಾನವಾಗಿಡುವುದು ಅವಶ್ಯ. ಎಂಜಿನ್ ಕೆಟ್ಟಾಗ ಮೊದಲು ಕೇಳುವುದು ಅದನ್ನೇ.

ಬೇಗಬೇಗ ಬದಲಿಸಿದಷ್ಟೂ ಒಳ್ಳೆಯದೆಂದು ನಾವು ಏಕೆ ಹೇಳುವುದಿಲ್ಲ ಎಂಬುದಕ್ಕೆ ಹಣವೊಂದೇ ಕಾರಣವಲ್ಲ. ತೆಗೆದ ಆಯಿಲು ಎಲ್ಲಿಗಾದರೂ ಹೋಗಬೇಕಷ್ಟೆ. ರಾಜಾಜಿನಗರದ ಕಡೆಯ ಚರಂಡಿಗಳ ನೀರು ವೃಷಭಾವತಿಗೆ ಇಳಿಯುತ್ತದೆ. ವೃಷಭಾವತಿ ಮೈಸೂರು ರಸ್ತೆಯಗುಂಟ ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಸೇರಿ, ಅಲ್ಲಿಂದ ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಕೂಡುತ್ತದೆ. ರಸ್ತೆಬದಿಯಲ್ಲಿ ಚರಂಡಿಗೆ ಚೆಲ್ಲಿದ ಮೂರು ಲೀಟರ್ ಕಪ್ಪು ಆಯಿಲಿನ ಯಾತ್ರೆ ಇದೇ ದಾರಿಯಲ್ಲಿ. ಬೈರಮಂಗಲದ ಸುತ್ತ ಆ ನೀರನ್ನೇ ಹೊಲಕ್ಕೆ ಹಾಯಿಸುವ ರೈತರಿದ್ದಾರೆ. ಬಳಸಿದ ಆಯಿಲು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಅನುಮತಿ ಪಡೆದ ಶುದ್ಧೀಕರಣ ಘಟಕಗಳಿಗೆ ಕೊಡಬೇಕು, ಅಲ್ಲಿ ಅದು ಮತ್ತೆ ಬಳಕೆಗೆ ಬರುತ್ತದೆ. ಗೆದ್ದಲಿಗೆಂದು ಮರಕ್ಕೆ ಬಳಿಯಲು, ಸೌದೆ ಹೊತ್ತಿಸಲು ಹಳೆಯ ಆಯಿಲನ್ನು ಮನೆಗೆ ತರುವ ಅಭ್ಯಾಸವನ್ನೂ ಬಿಡಬೇಕು. ಅದರ ಹೊಗೆ ವಿಷ. ಗಾಡಿ ಬಿಟ್ಟು ಬರುವಾಗ, ತೆಗೆದ ಆಯಿಲು ಯಾವ ಡ್ರಮ್ಮಿಗೆ ಹೋಗುತ್ತದೆ, ಅದನ್ನು ಯಾರು ಒಯ್ಯುತ್ತಾರೆ ಎಂದು ಒಂದು ಮಾತು ಕೇಳಿರಿ. ಬಿಚ್ಚಿದ ಫಿಲ್ಟರಿನಲ್ಲೂ ಒಂದು ಲೋಟದಷ್ಟು ಆಯಿಲು ನಿಂತಿರುತ್ತದೆ. ಅದನ್ನು ಡ್ರಮ್ಮಿನ ಮೇಲೆ ತಲೆಕೆಳಗಾಗಿ ಇಟ್ಟು ಪೂರ್ತಿ ಇಳಿಸಿದ ಮೇಲೆಯೇ ಕಸಕ್ಕೆ ಹಾಕುವಂತೆ ಹುಡುಗರಿಗೆ ಹೇಳಿರಿ.